ಡಿವೈಸ್ ಡ್ರೈವರ್‌ಗಳಲ್ಲಿ ಮೆಮೊರಿ ಅಲೈನ್‌ಮೆಂಟ್ ದೋಷ: ಪತ್ತೆಯಿಂದ ಪ್ಯಾಚ್‌ವರೆಗೆ

ಮೈಸೂರಿನ ಹೆಬ್ಬಾಳ ಅಥವಾ ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕುಳಿತು ಲಿನಕ್ಸ್ ಡ್ರೈವರ್ ಬರೆಯುವ ಎಂಜಿನಿಯರ್‌ನ ಮುಂದೆ ಇರುವುದು ಸಾಮಾನ್ಯವಾಗಿ ಎಕ್ಸ್86 ಲ್ಯಾಪ್‌ಟಾಪ್. ಆ ಡ್ರೈವರ್ ಕೊನೆಗೆ ಓಡಬೇಕಾದದ್ದು ಮಾತ್ರ ಮಂಡ್ಯ ಸೀಮೆಯ ಯಾವುದೋ ಕಾರ್ಖಾನೆಯ ಅಂಗಳದಲ್ಲಿರುವ ಸಣ್ಣ ಆರ್ಮ್ ಬೋರ್ಡಿನ ಮೇಲೆ. ಅಲೈನ್‌ಮೆಂಟ್ ದೋಷಗಳು, ಅಂದರೆ ಮೌಲ್ಯವೊಂದು ತನ್ನ ಗಾತ್ರಕ್ಕೆ ಹೊಂದದ ಮೆಮೊರಿ ವಿಳಾಸದಲ್ಲಿ ಕೂರುವ ತಪ್ಪುಗಳು, ಹುಟ್ಟಿಯೂ ಕಾಣದೆ ಉಳಿಯುವುದು ಈ ಎರಡರ ನಡುವಿನ ಅಂತರದಲ್ಲಿ. ಎಕ್ಸ್86 ಪ್ರೊಸೆಸರ್ ಸಾಮಾನ್ಯ ಮೆಮೊರಿಯಲ್ಲಿ ಅಲೈನ್ ಆಗದ ವಿಳಾಸದಿಂದ ಓದಿದರೂ ಏನನ್ನೂ ಹೇಳದೆ ಸರಿಯಾದ ಉತ್ತರ ಕೊಡುತ್ತದೆ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿದ ಡ್ರೈವರ್ ಬೋರ್ಡಿನ ಮೇಲೆ ನಿಧಾನವಾಗುತ್ತದೆ, ಇಲ್ಲವೇ ನಡುವೆ ಕುಸಿಯುತ್ತದೆ.

ಈ ಮಾರ್ಗದರ್ಶಿಯುದ್ದಕ್ಕೂ ಒಂದೇ ಕಲ್ಪಿತ ಉದಾಹರಣೆಯನ್ನು ಬಳಸುತ್ತೇನೆ. ಕಬ್ಬಿನ ಟ್ರ್ಯಾಕ್ಟರ್‌ಗಳನ್ನು ತೂಗುವ ವೇಬ್ರಿಡ್ಜ್‌ಗೆ ಒಂದು ತೂಕದ ಕಾರ್ಡ್ ಇದೆಯೆಂದು ಭಾವಿಸಿ. ಅದು ತೂಕದ ಫ್ರೇಮ್‌ಗಳನ್ನು ಡಿಎಂಎ ಮೂಲಕ, ಅಂದರೆ ಪ್ರೊಸೆಸರ್‌ನ ಕೈಯಿಲ್ಲದೆ ನೇರವಾಗಿ, ಮುಖ್ಯ ಮೆಮೊರಿಗೆ ಬರೆಯುತ್ತದೆ. ಲೋಡ್ ಸೆಲ್‌ಗಳ ಕ್ಯಾಲಿಬ್ರೇಷನ್ ಪಟ್ಟಿಯನ್ನು ತನ್ನದೇ ಸಣ್ಣ ಮೆಮೊರಿಯಲ್ಲಿ ಇಟ್ಟುಕೊಂಡು ಪ್ರೊಸೆಸರ್‌ಗೆ ತೋರಿಸುತ್ತದೆ. ಡ್ರೈವರ್ ಅದರ ಸ್ಥಿತಿಯನ್ನು ಕೆಲವು ಬಿಟ್‌ಗಳಲ್ಲಿ ನೆನಪಿಟ್ಟುಕೊಳ್ಳುತ್ತದೆ. ಪ್ರತಿ ಫ್ರೇಮ್ 17 ಬೈಟ್‌ಗಳದ್ದು: ಗುರುತು, ಬಗೆ ಮತ್ತು ಉದ್ದಕ್ಕೆ ಒಂದೊಂದು ಬೈಟ್, 3ನೇ ಆಫ್‌ಸೆಟ್‌ನಿಂದ (ಸೊನ್ನೆಯಿಂದ ಎಣಿಸಿದ ಸ್ಥಾನ) 4 ಬೈಟ್‌ಗಳ ತೂಕ, 7ನೇ ಆಫ್‌ಸೆಟ್‌ನಿಂದ 8 ಬೈಟ್‌ಗಳ ಸಮಯ, ಕೊನೆಯಲ್ಲಿ 2 ಬೈಟ್‌ಗಳ ಚೆಕ್‌ಸಮ್. ಪ್ರೊಸೆಸರ್‌ನ ಅನುಕೂಲವನ್ನು ಯೋಚಿಸದೆ ಹಾರ್ಡ್‌ವೇರ್ ತಂಡದವರು ರೂಪಿಸುವ ಫ್ರೇಮ್‌ಗಳು ಹೆಚ್ಚಾಗಿ ಹೀಗೆಯೇ ಇರುತ್ತವೆ. ಅದನ್ನು ಬದಲಿಸಿಕೊಡಿ ಎಂದು ಕೇಳುವ ಹೊತ್ತಿಗೆ ಕಾರ್ಡ್ ತಯಾರಾಗಿ ಬಂದುಬಿಟ್ಟಿರುತ್ತದೆ.

ಮೊದಲು ತಿಳಿದಿರಬೇಕಾದದ್ದು

ಒಂದು ಮೌಲ್ಯದ ಗಾತ್ರ ಎಷ್ಟು ಬೈಟ್‌ಗಳೋ ಅದರ ವಿಳಾಸವೂ ಅಷ್ಟರಿಂದ ಭಾಗವಾಗಬೇಕು ಎಂಬುದು ಸಹಜ ಅಲೈನ್‌ಮೆಂಟಿನ ನಿಯಮ. 2 ಬೈಟ್‌ಗಳ ಮೌಲ್ಯ ಸಮಸಂಖ್ಯೆಯ ವಿಳಾಸದಲ್ಲಿರಬೇಕು, 4 ಬೈಟ್‌ಗಳದ್ದು 4ರ ಗುಣಕದಲ್ಲಿ, 8 ಬೈಟ್‌ಗಳದ್ದು 8ರ ಗುಣಕದಲ್ಲಿ. ಟ್ರ್ಯಾಕ್ಟರಿನ ಟ್ರೈಲರ್ ತೂಕದ ಹಲಗೆಯ ಮೇಲೆ ಅರ್ಧ, ಹೊರಗೆ ಅರ್ಧ ನಿಂತರೆ ಎರಡು ಸಲ ತೂಗಿ ಕೂಡಿಸಬೇಕಾಗುವಂತೆ, ಸಾಲು ತಪ್ಪಿದ ಮೌಲ್ಯವನ್ನು ಓದಲು ಯಾರಾದರೊಬ್ಬರು ಎರಡು ಸಲ ಓದಿ ಜೋಡಿಸಬೇಕು. ಎಕ್ಸ್86ನಲ್ಲಿ ಆ ಕೆಲಸವನ್ನು ಹಾರ್ಡ್‌ವೇರ್ ಮಾಡುತ್ತದೆ. ಮಿಪ್ಸ್‌ನಲ್ಲಿ ಪ್ರೊಸೆಸರ್ ಟ್ರ್ಯಾಪ್ ಎಬ್ಬಿಸಿದ (ಆದೇಶವನ್ನು ತಡೆದು ಕರ್ನಲ್‌ಗೆ ಒಪ್ಪಿಸಿದ) ಮೇಲೆ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಮಾಡುತ್ತದೆ. ರಿಸ್ಕ್-ವಿಯಲ್ಲಿ ಅದು ಚಿಪ್ಪಿನಿಂದ ಚಿಪ್ಪಿಗೆ ಬದಲಾಗುತ್ತದೆ. ಕೆಲವು ಚಿಪ್‌ಗಳಲ್ಲಿ ಕರ್ನಲ್‌ಗೂ ಕೆಳಗಿರುವ ಫರ್ಮ್‌ವೇರ್ ಅದನ್ನು ಅನುಕರಿಸಿ ಕೊಡುತ್ತದೆ.

ಆರ್ಮ್ ಕಥೆ ತುಸು ಉದ್ದ. ಆರ್ಮ್‌ವಿ5 ಮತ್ತು ಅದಕ್ಕೂ ಹಳೆಯ ಚಿಪ್‌ಗಳಲ್ಲಿ ಟ್ರ್ಯಾಪ್ ಇಲ್ಲದಿದ್ದರೆ 4 ಬೈಟ್‌ಗಳ ಓದು ಅಲೈನ್ ಆದ ಪದವನ್ನೇ (4 ಬೈಟ್‌ಗಳ ತುಂಡನ್ನೇ) ಓದಿ, ಅದರ ಬೈಟ್‌ಗಳನ್ನು ಸುತ್ತಿಸಿ ಕೊಡುತ್ತದೆ. ನಮ್ಮ ಫ್ರೇಮ್ ಬಫರ್‌ನ ಆರಂಭದಲ್ಲಿದ್ದರೆ ತೂಕದ ಮೊದಲ ಬೈಟ್ ಮಾತ್ರ ಸರಿಯಾಗಿ ಬಂದು, ಉಳಿದ ಮೂರು ಬೈಟ್‌ಗಳ ಜಾಗದಲ್ಲಿ ಗುರುತು, ಬಗೆ, ಉದ್ದಗಳು ಬಂದು ಕೂರುತ್ತವೆ. ಕರ್ನಲ್ ಒಳಗೆ ಟ್ರ್ಯಾಪ್ ಇರುವುದರಿಂದ ಡ್ರೈವರ್‌ಗೆ ಇಂಥ ತಪ್ಪು ಸಂಖ್ಯೆ ಸಿಗುವುದಿಲ್ಲ. ಆದರೆ ಅದೇ ಫ್ರೇಮನ್ನು ಅದೇ ರೀತಿಯಲ್ಲಿ ಓದುವ ಯೂಸರ್ ಸ್ಪೇಸ್ (ಕರ್ನಲ್‌ನ ಹೊರಗಿನ) ಪ್ರೋಗ್ರಾಮಿಗೆ ಆ ಹಳೆಯ ಬೋರ್ಡ್‌ಗಳಲ್ಲಿ ಡಿಫಾಲ್ಟ್ ಆಗಿ ಈ ರಕ್ಷಣೆ ಇಲ್ಲ. ಆರ್ಮ್‌ವಿ6 ನಂತರ ಒಂಟಿ ಪದದ ಓದು-ಬರಹವನ್ನು ಹಾರ್ಡ್‌ವೇರ್ ತಾನೇ ನಿಭಾಯಿಸುತ್ತದೆ. ಆದರೂ ಎರಡು ಪದಗಳನ್ನು ಒಟ್ಟಿಗೆ ಓದುವ ಎಲ್‌ಡಿಆರ್‌ಡಿ, ಹಲವು ಪದಗಳನ್ನು ಓದುವ ಎಲ್‌ಡಿಎಂ ಆದೇಶಗಳಿಗೆ ಆರ್ಮ್‌ವಿ7ನಲ್ಲೂ 4ರ ಗುಣಕವೇ ಬೇಕು.

ಅನೇಕರು ಎಡವುವುದು ಇಲ್ಲಿ. ಸಿ ಭಾಷೆಯ ನಿಯಮದ ಪ್ರಕಾರ ಯು32 (4 ಬೈಟ್‌ಗಳ ಸಂಖ್ಯೆಯ) ಪಾಯಿಂಟರ್ ಎಂದರೆ ಅದು ಅಲೈನ್ ಆಗಿದೆ ಎಂದು ಕಂಪೈಲರ್‌ಗೆ ಕೊಟ್ಟ ಮಾತು. ಅಕ್ಕಪಕ್ಕದ ಎರಡು ಯು32 ಓದುಗಳನ್ನು ಕಂಡ ಕಂಪೈಲರ್ ಆ ಮಾತನ್ನು ನಂಬಿ ಅವೆರಡನ್ನೂ ಸೇರಿಸಿ ಒಂದು ಎಲ್‌ಡಿಆರ್‌ಡಿ ಮಾಡಬಹುದು. ನಿನ್ನೆಯವರೆಗೆ ಒಂಟಿ ಓದುಗಳಾಗಿ ಸುಮ್ಮನೆ ನಡೆದಿದ್ದ ಕೋಡ್ ಕಂಪೈಲರಿನ ಆವೃತ್ತಿ ಬದಲಾದ ದಿನವೋ, ಆಪ್ಟಿಮೈಸೇಷನ್ ಮಟ್ಟ ಬದಲಾದ ದಿನವೋ ಟ್ರ್ಯಾಪ್ ಆಗತೊಡಗುತ್ತದೆ. ಆಗ ಕಂಪೈಲರನ್ನು ದೂರುವುದು ತಪ್ಪು; ಮಾತು ಮುರಿದದ್ದು ಡ್ರೈವರ್.

ಹಂತ 1: ಲಕ್ಷಣವನ್ನು ಓದಿ, ದೋಷ ಯಾವ ಬಗೆಯದೆಂದು ನಿರ್ಧರಿಸಿ

ಸಂಪಾದಕವನ್ನು ತೆರೆಯುವ ಮೊದಲು ದೋಷ ಸಂಭವಿಸಿದ ಮೆಮೊರಿ ಯಾವ ಬಗೆಯದೆಂದು ಗೊತ್ತುಮಾಡಿಕೊಳ್ಳಬೇಕು. ಸಾಮಾನ್ಯ ಮೆಮೊರಿ, ಐಓರಿಮ್ಯಾಪ್ ಕರೆ ಪ್ರೊಸೆಸರ್‌ಗೆ ಕಾಣಿಸಿಕೊಟ್ಟ ಸಾಧನದ ಮೆಮೊರಿ, ಡಿಎಂಎ ಬಫರ್, ಅಟಾಮಿಕ್ (ನಡುವೆ ಯಾರೂ ಕೈ ಹಾಕಲಾಗದ) ಕ್ರಿಯೆಗೆ ಒಳಗಾದ ಮೌಲ್ಯ — ಈ ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಲಕ್ಷಣ ಮರೆಯಾಗಿ ದೋಷ ಉಳಿದುಕೊಳ್ಳುತ್ತದೆ.

32 ಬಿಟ್ ಆರ್ಮ್ ಬೋರ್ಡಿನಲ್ಲಿ ಮೊದಲು ನೋಡಬೇಕಾದದ್ದು /ಪ್ರಾಕ್/ಸಿಪಿಯು/ಅಲೈನ್‌ಮೆಂಟ್ ಕಡತವನ್ನು. ಅದರ ‘ಸಿಸ್ಟಮ್’ ಸಾಲು ಕರ್ನಲ್ ಒಳಗೆ ಎಷ್ಟು ಸಲ ಅಲೈನ್‌ಮೆಂಟ್ ಟ್ರ್ಯಾಪ್ ಆಯಿತೆಂಬ ಎಣಿಕೆಯನ್ನೂ, ಕೊನೆಯ ಟ್ರ್ಯಾಪ್ ಯಾವ ಫಂಕ್ಷನ್‌ನಲ್ಲಿ ಆಯಿತೆಂಬುದನ್ನೂ ತೋರಿಸುತ್ತದೆ. ಟ್ರ್ಯಾಕ್ಟರ್ ಹಲಗೆಯ ಮೇಲೆ ನಿಂತಾಗ ಆ ಎಣಿಕೆ ಏರುತ್ತ ಹೋಗಿ, ಖಾಲಿ ಇದ್ದಾಗ ನಿಂತರೆ ದೋಷ ಫ್ರೇಮ್ ಓದುವ ದಾರಿಯಲ್ಲಿದೆ ಎಂದು ಅಲ್ಲೇ ತಿಳಿಯುತ್ತದೆ. ಇದೇ ಕಡತಕ್ಕೆ ಸಂಖ್ಯೆ ಬರೆದು ಯೂಸರ್ ಸ್ಪೇಸ್ ಪ್ರೋಗ್ರಾಮುಗಳ ಮಟ್ಟಿಗೆ ನಡವಳಿಕೆ ಬದಲಿಸಬಹುದು: 1 ಎಂದರೆ ಎಚ್ಚರಿಕೆ, 2 ಎಂದರೆ ಸರಿಪಡಿಸಿ ಮುಂದುವರಿಸು, 3 ಎಂದರೆ ಎರಡೂ, 4 ಎಂದರೆ ಸಿಗ್ನಲ್ ಕಳಿಸು. ಕರ್ನಲ್ ಒಳಗಿನ ಟ್ರ್ಯಾಪ್‌ಗಳನ್ನು ಮಾತ್ರ ಅದು ಯಾವಾಗಲೂ ತಾನೇ ಸರಿಪಡಿಸುತ್ತದೆ. ಆ ಔದಾರ್ಯದಿಂದಲೇ ದೋಷ ವರ್ಷಗಟ್ಟಲೆ ‘ಬೋರ್ಡ್ ಸ್ವಲ್ಪ ನಿಧಾನ’ ಎಂಬ ವೇಷದಲ್ಲಿ ಬದುಕಿರುತ್ತದೆ. ಮಿಪ್ಸ್, ಪವರ್‌ಪಿಸಿಗಳಲ್ಲಿ ಇದೇ ಮಾಹಿತಿ ಪರ್ಫ್ ಉಪಕರಣದ ‘ಅಲೈನ್‌ಮೆಂಟ್-ಫಾಲ್ಟ್ಸ್’ ಎಣಿಕೆಯಲ್ಲಿ ಸಿಗುತ್ತದೆ.

ಆರ್ಮ್64ನಲ್ಲಿ ಸಾಮಾನ್ಯ ಮೆಮೊರಿಯ ಸಾಲು ತಪ್ಪಿದ ಓದಿಗೆ ದೋಷ ಬರುವುದಿಲ್ಲ. ಆದ್ದರಿಂದ ಅಲ್ಲಿ ಊಪ್ಸ್ (ಕರ್ನಲ್‌ನ ದೋಷ ವರದಿ) ಬಂದು, ಅದರ ‘ಮೆಮ್ ಅಬಾರ್ಟ್ ಇನ್ಫೋ’ ಭಾಗದಲ್ಲಿ ದೋಷದ ಸಂಕೇತ ಹೆಕ್ಸಾಡೆಸಿಮಲ್ 21, ಅಂದರೆ ಅಲೈನ್‌ಮೆಂಟ್ ಫಾಲ್ಟ್, ಎಂದಿದ್ದರೆ ಸಂಶಯಪಡಬೇಕಾದದ್ದು ಎರಡರ ಮೇಲೆ: ಐಓರಿಮ್ಯಾಪ್ ಆದ ಮೆಮೊರಿ ಅಥವಾ ಅಟಾಮಿಕ್ ಕ್ರಿಯೆ. ಊಪ್ಸ್ ಯಾವುದೂ ಇಲ್ಲದೆ, ಟ್ರ್ಯಾಪ್ ಎಣಿಕೆಯೂ ಏರದೆ, ಆಗೊಮ್ಮೆ ಈಗೊಮ್ಮೆ ಡೇಟಾ ಕೆಡುತ್ತಿದ್ದರೆ ಡಿಎಂಎ ಬಫರ್ ಬೇರೆ ಡೇಟಾದೊಂದಿಗೆ ಕ್ಯಾಷ್ ಲೈನ್ (ಕ್ಯಾಷ್ ಒಮ್ಮೆಗೆ ಹಿಡಿಯುವ ಮೆಮೊರಿಯ ತುಂಡು) ಹಂಚಿಕೊಂಡಿದೆಯೇ ಎಂದು ನೋಡಬೇಕು.

ನಮ್ಮ ಫ್ರೇಮ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಫರ್ ತಾನೇ ಅಲೈನ್ ಆಗಿದ್ದು ಫ್ರೇಮ್‌ಗಳು ಒಂದರ ಹಿಂದೊಂದು ಬಿಡುವಿಲ್ಲದೆ ಕುಳಿತಿದ್ದರೆ, ತೂಕಗಳ ಆಫ್‌ಸೆಟ್‌ಗಳು 3, 20, 37, 54, 71, 88 ಹೀಗೆ ಸಾಗುತ್ತವೆ. 20 ಮತ್ತು 88 ನಾಲ್ಕರಿಂದ ಭಾಗವಾಗುತ್ತವೆ; ಉಳಿದವು ಆಗುವುದಿಲ್ಲ. ಅಂದರೆ ನಾಲ್ಕು ಫ್ರೇಮ್‌ಗಳಲ್ಲಿ ಒಂದರ ತೂಕ ಸರಿಯಾದ ವಿಳಾಸದಲ್ಲಿದೆ. 8 ಬೈಟ್‌ಗಳ ಸಮಯ ಮಾತ್ರ ಎಂಟರಲ್ಲಿ ಒಂದೇ ಫ್ರೇಮ್‌ನಲ್ಲಿ ಸರಿ. ‘ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಇಲ್ಲ’ ಎಂಬ ದೂರು ಬಂದಾಗ ಟೈಮಿಂಗ್ ದೋಷವೆಂದು ಊಹಿಸಿ ಲಾಕ್‌ಗಳ ಬೆನ್ನು ಹತ್ತುವ ಮೊದಲು ಇಂಥದೊಂದು ಲೆಕ್ಕ ಹಾಕಿ ನೋಡುವುದು ಲೇಸು. ಕಾಗದ, ಪೆನ್ನು ಸಾಕು.

ಹಂತ 2: ವಿಳಾಸದಿಂದ ಮೂಲ ಸಾಲಿಗೆ ಹೋಗಿ

ಊಪ್ಸ್‌ನಲ್ಲಿ ಅಥವಾ ಅಲೈನ್‌ಮೆಂಟ್ ಕಡತದಲ್ಲಿ ಸಿಕ್ಕ ಫಂಕ್ಷನ್ ಹೆಸರು ಮತ್ತು ಆಫ್‌ಸೆಟ್ಟನ್ನು ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ ಎಫ್‌ಆಡ್ರ್2ಲೈನ್ ಉಪಕರಣಕ್ಕೆ ಕೊಟ್ಟರೆ ಕಡತ ಮತ್ತು ಸಾಲಿನ ಸಂಖ್ಯೆ ಸಿಗುತ್ತದೆ. ಇದಕ್ಕೆ ಮಾಡ್ಯೂಲನ್ನು ಡಿಬಗ್ ಮಾಹಿತಿಯೊಂದಿಗೆ ಕಂಪೈಲ್ ಮಾಡಿರಬೇಕು. ಬೋರ್ಡ್ ಕಾರ್ಖಾನೆಯ ಅಂಗಳದಲ್ಲಿದ್ದು ನೀವು ಮೈಸೂರಿನಲ್ಲಿದ್ದರೆ, ಅಲ್ಲಿ ಹಾಕಿದ ಮಾಡ್ಯೂಲಿನ ಡಿಬಗ್ ಪ್ರತಿಯನ್ನು ಇಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವುದೂ ಅಷ್ಟೇ ಮುಖ್ಯ. ಮತ್ತೆ ಕಂಪೈಲ್ ಮಾಡಿದ ಬೇರೆ ಪ್ರತಿಯಲ್ಲಿ ಆಫ್‌ಸೆಟ್‌ಗಳು ಹೊಂದದೇ ಇರಬಹುದು.

ಬಳಿಕ ಆಬ್ಜ್‌ಡಂಪ್‌ನಲ್ಲಿ ಆ ಫಂಕ್ಷನ್ನಿನ ಆದೇಶಗಳನ್ನು ತೆರೆದು, ದೋಷ ತಂದದ್ದು ಒಂಟಿ ಓದೋ, ಎಲ್‌ಡಿಆರ್‌ಡಿಯೋ, ಎಲ್‌ಡಿಎಮ್ಮೋ ಎಂದು ನೋಡಿ. ಅನಂತರ ಮೂಲ ಸಾಲಿನಿಂದ ಹಿಂದಕ್ಕೆ ನಡೆಯಿರಿ. ಆ ಪಾಯಿಂಟರ್ ಎಲ್ಲಿಂದ ಬಂತು, ಯಾವ ಜಾಗದಲ್ಲಿ ಬೈಟ್ ಪಾಯಿಂಟರ್ ಆಗಿದ್ದದ್ದು ಯು32 ಪಾಯಿಂಟರ್ ಆಗಿ ಬದಲಾಯಿತು ಎಂಬುದನ್ನು ಹುಡುಕಬೇಕು. ದೋಷ ಕಾಣಿಸಿಕೊಂಡ ಸಾಲು ಬಹುತೇಕ ನಿರಪರಾಧಿ; ಕಾಸ್ಟ್ ಮಾಡಿದ (ಪಾಯಿಂಟರಿನ ಬಗೆ ಬದಲಿಸಿದ) ಸಾಲೇ ಅಪರಾಧಿ. ನಮ್ಮ ಡ್ರೈವರ್‌ನಲ್ಲಿ ಅದು ‘ಬಫರ್ ಕೂಡಿಸು 3’ ಎಂಬುದನ್ನು ಯು32 ಪಾಯಿಂಟರ್ ಮಾಡಿಕೊಂಡ ಜಾಗ.

ಹಂತ 3: ಲ್ಯಾಪ್‌ಟಾಪಿನಲ್ಲೇ ದೋಷ ಕಾಣುವಂತೆ ಮಾಡಿ

ಪ್ರತಿ ಬದಲಾವಣೆಗೂ ಬೋರ್ಡಿನ ಬಳಿಗೆ ಓಡುವುದು ಸಾಧ್ಯವಿಲ್ಲ. ಸಿ ಭಾಷೆಯ ನಿಯಮ ಮುರಿದದ್ದನ್ನು ಕೋಡ್ ಓಡುವಾಗಲೇ ಹಿಡಿಯುವ ಕರ್ನಲ್‌ನ ಯುಬಿಎಸ್ಯಾನ್ ವ್ಯವಸ್ಥೆಯಲ್ಲಿ ಅಲೈನ್‌ಮೆಂಟ್ ತಪಾಸಣೆಯ ಆಯ್ಕೆಯೊಂದಿದೆ. ಅದನ್ನು ಹಾಕಿ ಕಂಪೈಲ್ ಮಾಡಿದರೆ ಸಾಲು ತಪ್ಪಿದ ಓದು ನಡೆದಾಗ ಕಡತ, ಸಾಲು, ವಿಳಾಸ, ಬೇಕಿದ್ದ ಅಲೈನ್‌ಮೆಂಟ್ ಎಲ್ಲವೂ ಲಾಗ್‌ನಲ್ಲಿ ಬರುತ್ತವೆ. ಸಾಲು ತಪ್ಪಿದ ಓದು ಅಗ್ಗವೆಂದು ಸಾರಿಕೊಂಡ ಆರ್ಕಿಟೆಕ್ಚರ್‌ಗಳಲ್ಲಿ ಈ ಆಯ್ಕೆ ಡಿಫಾಲ್ಟ್ ಆಗಿ ಆಫ್ ಇರುತ್ತದೆ, ಮತ್ತು ಎಕ್ಸ್86ನಲ್ಲಿ ಅದನ್ನು ಆನ್ ಮಾಡಿದರೆ ಕರ್ನಲ್‌ನ ಬೇರೆ ಭಾಗಗಳಿಂದಲೂ ವರದಿಗಳು ಸುರಿಯುತ್ತವೆ. ನಿಮ್ಮ ಡ್ರೈವರ್‌ನ ಹೆಸರಿರುವ ವರದಿಗಳನ್ನು ಮಾತ್ರ ಸೋಸಿಕೊಳ್ಳಿ.

ಕಂಪೈಲರ್ ಎಚ್ಚರಿಕೆಗಳೂ ನೆರವಾಗುತ್ತವೆ, ಆದರೆ ಅವುಗಳ ಮಿತಿ ಗೊತ್ತಿರಬೇಕು. ಜಿಸಿಸಿಯ ‘ಕಾಸ್ಟ್-ಅಲೈನ್’ ಎಚ್ಚರಿಕೆ ಗುರಿ ಪ್ರೊಸೆಸರ್ ಎಕ್ಸ್86 ಆಗಿದ್ದರೆ ಬಾಯಿ ಬಿಡುವುದಿಲ್ಲ; ‘ಕಾಸ್ಟ್-ಅಲೈನ್=ಸ್ಟ್ರಿಕ್ಟ್’ ಎಂಬ ಕಟ್ಟುನಿಟ್ಟಿನ ರೂಪ ಜಿಸಿಸಿ 8ರಿಂದ ಇದ್ದು, ಅದು ಗುರಿ ಯಾವುದೇ ಇರಲಿ ಎಚ್ಚರಿಸುತ್ತದೆ. ಪ್ಯಾಕ್ಡ್ ಸ್ಟ್ರಕ್ಟಿನ (ಸದಸ್ಯಗಳ ನಡುವೆ ಖಾಲಿ ಜಾಗ ಬಿಡದ ರಚನೆಯ) ಸದಸ್ಯದ ವಿಳಾಸ ತೆಗೆದಾಗ ಬರುವ ಎಚ್ಚರಿಕೆ ಜಿಸಿಸಿ 9ರಿಂದ ತಾನಾಗಿ ಬರುತ್ತದಾದರೂ ಕರ್ನಲ್‌ನ ಬಿಲ್ಡ್ ವ್ಯವಸ್ಥೆ ಅದನ್ನು ಬಾಯಿ ಮುಚ್ಚಿಸಿಟ್ಟಿದೆ. ಎರಡನ್ನೂ ಕೆಸಿಫ್ಲ್ಯಾಗ್ಸ್ ಎಂಬ ಬಿಲ್ಡ್ ಆಯ್ಕೆಯ ಮೂಲಕ ನಿಮ್ಮ ಡ್ರೈವರ್ ಫೋಲ್ಡರಿಗೆ ಮಾತ್ರ ಹಾಕಿ ಕಂಪೈಲ್ ಮಾಡಿ. ಜೊತೆಗೆ ಸ್ಪಾರ್ಸ್ ತಪಾಸಕವನ್ನು ‘ಸಿ=1’ ಆಯ್ಕೆಯಿಂದ ಓಡಿಸಿದರೆ ಎಂಡಿಯನ್ (ಬೈಟ್‌ಗಳ ಕ್ರಮದ) ಗೊಂದಲಗಳೂ, ಐಓ ಮೆಮೊರಿಯನ್ನು ಸಾಮಾನ್ಯ ಪಾಯಿಂಟರ್ ಎಂದು ಬಳಸಿದ ಜಾಗಗಳೂ ಹೊರಬೀಳುತ್ತವೆ. ಕ್ಯುಇಎಂಯು ಎಮ್ಯುಲೇಟರ್‌ನಲ್ಲಿ ಸರಿಯಾಗಿ ಓಡಿತು ಎಂಬುದನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ. ನಿಜವಾದ ಚಿಪ್ಪು ತಡೆಯುವ ಎಲ್ಲ ಸಂದರ್ಭಗಳನ್ನೂ ಅದು ತಡೆಯುತ್ತದೆಂಬ ಖಾತರಿಯಿಲ್ಲ.

ಸ್ಟ್ರಕ್ಟ್‌ಗಳ ಆಕಾರ ನೋಡಲು ಪಹೋಲ್‌ನಷ್ಟು ಉಪಯುಕ್ತ ಸಾಧನ ಇನ್ನೊಂದಿಲ್ಲ. ಮಾಡ್ಯೂಲಿನ ಡಿಬಗ್ ಮಾಹಿತಿಯಿಂದ ಪ್ರತಿ ಸದಸ್ಯದ ಆಫ್‌ಸೆಟ್, ಗಾತ್ರ, ನಡುವಿನ ಖಾಲಿ ಜಾಗ, ಕ್ಯಾಷ್ ಲೈನಿನ ಗಡಿ ಎಲ್ಲವನ್ನೂ ಅದು ಪಟ್ಟಿ ಮಾಡುತ್ತದೆ. ಆರ್ಮ್‌ಗೆ ಕಂಪೈಲ್ ಮಾಡಿದ ಮಾಡ್ಯೂಲಿನ ಮೇಲೆಯೇ ಅದನ್ನು ಓಡಿಸಬೇಕು. ಎಕ್ಸ್86 ಪ್ರತಿಯ ಪಟ್ಟಿ ನೋಡಿ ಆರ್ಮ್‌ನ ಬಗ್ಗೆ ತೀರ್ಮಾನಕ್ಕೆ ಬರಬಾರದು.

ಹಂತ 4: ಸಾಮಾನ್ಯ ಮೆಮೊರಿಯಲ್ಲಿನ ಫ್ರೇಮ್ ಓದನ್ನು ಸರಿಪಡಿಸಿ

ಹೊರಗಿನಿಂದ ಬರುವ ಫ್ರೇಮಿನ ಆಕಾರ ಬೇರೆ, ಡ್ರೈವರ್ ತನ್ನೊಳಗೆ ಬಳಸುವ ಸ್ಟ್ರಕ್ಟಿನ ಆಕಾರ ಬೇರೆ ಎಂದು ಗೆರೆ ಎಳೆಯುವುದೇ ಇಲ್ಲಿ ನಿಜವಾದ ಪರಿಹಾರ. ಬಫರ್‌ಗೆ ಬಂದ ಫ್ರೇಮನ್ನು ಒಂದೇ ಒಂದು ಫಂಕ್ಷನ್, ಬೈಟ್ ಪಾಯಿಂಟರಾಗಿ ಸ್ವೀಕರಿಸಿ, ಪ್ರತಿ ಮೌಲ್ಯವನ್ನೂ ಬಿಡಿಸಿ, ಸಾಮಾನ್ಯ ಸ್ಟ್ರಕ್ಟಿನಲ್ಲಿ ತುಂಬಿ ಕೊಡಬೇಕು. ಆ ಫಂಕ್ಷನ್ನಿನಿಂದ ಆಚೆಗೆ ಡ್ರೈವರ್‌ನಲ್ಲಿ ಎಲ್ಲಿಯೂ ಕಚ್ಚಾ ಫ್ರೇಮಿನ ಪಾಯಿಂಟರ್ ಓಡಾಡಬಾರದು. ಟ್ರ್ಯಾಪ್ ಬಂದ ಒಂದು ಸಾಲನ್ನು ಮಾತ್ರ ತಿದ್ದಿ ಕೈತೊಳೆದುಕೊಂಡರೆ ಮುಂದಿನ ತಿಂಗಳು ಇನ್ನೊಂದು ಸಾಲಿನಲ್ಲಿ ಅದೇ ದೋಷ ಎದ್ದು ಬರುತ್ತದೆ.

ಬಿಡಿಸುವ ಕೆಲಸಕ್ಕೆ ಕರ್ನಲ್ ಕೊಟ್ಟಿರುವ ಸಹಾಯಕಗಳನ್ನೇ ಬಳಸಿ. ತೂಕ ಲಿಟಲ್ ಎಂಡಿಯನ್ 32 ಬಿಟ್ ಆಗಿದ್ದರೆ ‘ಗೆಟ್_ಅನ್‌ಅಲೈನ್ಡ್_ಎಲ್ಇ32’ಗೆ ಬಫರ್ ಕೂಡಿಸು 3ನ್ನು ಕೊಡಿ, ಸಮಯಕ್ಕೆ ‘ಗೆಟ್_ಅನ್‌ಅಲೈನ್ಡ್_ಎಲ್ಇ64’, ಬಫರ್ ಕೂಡಿಸು 7. ಬಿಗ್ ಎಂಡಿಯನ್ ಫ್ರೇಮ್‌ಗಳಿಗೆ ಇವುಗಳದೇ ‘ಬಿಇ’ ಜೋಡಿಗಳಿವೆ. ಬರೆಯುವುದಕ್ಕೆ ‘ಪುಟ್_ಅನ್‌ಅಲೈನ್ಡ್’ ಕುಟುಂಬವಿದೆ. ಅಲೈನ್‌ಮೆಂಟ್ ಮತ್ತು ಎಂಡಿಯನ್ ಎರಡನ್ನೂ ಒಂದೇ ಕರೆ ನಿಭಾಯಿಸುವುದು ಇವುಗಳ ದೊಡ್ಡ ಅನುಕೂಲ. ಇವು ನಿಧಾನವೆಂಬ ಅಳುಕು ಬೇಡ: ಎಕ್ಸ್86ನಲ್ಲಿ ಈ ಕರೆ ಒಂದೇ ಓದಿನ ಆದೇಶವಾಗಿ ಇಳಿಯುತ್ತದೆ. ಹಾರ್ಡ್‌ವೇರ್ ನೆರವಿಲ್ಲದ ಚಿಪ್ಪಿನಲ್ಲಿ ನಾಲ್ಕು ಬೈಟ್ ಓದಿ ಜೋಡಿಸುವ ಆದೇಶಗಳಾಗುತ್ತವೆ, ಮತ್ತು ಅದು ಟ್ರ್ಯಾಪ್ ಆಗಿ ಕರ್ನಲ್ ಆದೇಶವನ್ನು ಬಿಡಿಸಿ ಅನುಕರಿಸುವುದಕ್ಕಿಂತ ಎಷ್ಟೋ ಪಟ್ಟು ಅಗ್ಗ.

ಮೆಮ್‌ಕಾಪಿ ಬಳಸಿ ಸ್ಥಳೀಯ ಯು32ಗೆ ನಕಲು ಮಾಡಿಕೊಳ್ಳುವುದೂ ಸರಿಯಾದ ದಾರಿಯೇ, ಆದರೆ ಒಂದು ಷರತ್ತಿನ ಮೇಲೆ. ನಕಲಿನ ಮೂಲ ಬೈಟ್ ಪಾಯಿಂಟರ್ ಆಗಿರಬೇಕು. ಅದನ್ನು ಮೊದಲು ಯು32 ಪಾಯಿಂಟರಾಗಿ ಕಾಸ್ಟ್ ಮಾಡಿ ಆಮೇಲೆ ಮೆಮ್‌ಕಾಪಿಗೆ ಕೊಟ್ಟರೆ, ಅದು ಅಲೈನ್ ಆಗಿದೆಯೆಂದೇ ನಂಬುವ ಕಂಪೈಲರ್ ಮೆಮ್‌ಕಾಪಿಯನ್ನು ಮತ್ತೆ ನೇರ ಓದಾಗಿ ಪರಿವರ್ತಿಸಬಹುದು. ಪರಿಹಾರ ಕಣ್ಣಿಗೆ ಕಾಣುತ್ತಿರುತ್ತದೆ, ಟ್ರ್ಯಾಪ್ ಮಾತ್ರ ನಿಲ್ಲುವುದಿಲ್ಲ.

ಪ್ಯಾಕ್ಡ್ ಗುಣವನ್ನು ಕುರಿತು ಕಟ್ಟುನಿಟ್ಟಾಗಿಯೇ ಹೇಳಬೇಕಿದೆ. ಫ್ರೇಮಿನ ಆಕಾರವನ್ನು ಪ್ಯಾಕ್ಡ್ ಸ್ಟ್ರಕ್ಟಾಗಿ ಬರೆದು, ಅದರ ಸದಸ್ಯಗಳನ್ನು ಆ ಸ್ಟ್ರಕ್ಟಿನ ಮೂಲಕವೇ ಓದುವುದಾದರೆ ಕಂಪೈಲರ್ ಸುರಕ್ಷಿತ ಆದೇಶಗಳನ್ನೇ ಹುಟ್ಟಿಸುತ್ತದೆ. ಅಷ್ಟರ ಮಟ್ಟಿಗೆ ತಕರಾರಿಲ್ಲ. ತೂಕದ ಸದಸ್ಯದ ವಿಳಾಸ ತೆಗೆದು ಇನ್ನೊಂದು ಫಂಕ್ಷನ್ನಿಗೆ ಯು32 ಪಾಯಿಂಟರಾಗಿ ಕಳಿಸಿದ ಕ್ಷಣ ಆ ರಕ್ಷಣೆ ಹೋಯಿತು. ಆ ಫಂಕ್ಷನ್ನಿಗೆ ಇದು ಪ್ಯಾಕ್ಡ್ ಸ್ಟ್ರಕ್ಟಿನಿಂದ ಬಂದದ್ದೆಂದು ತಿಳಿಯುವ ದಾರಿಯೇ ಇಲ್ಲ. ಇನ್ನು ಡ್ರೈವರ್‌ನ ಒಳಗಿನ ಸ್ಟ್ರಕ್ಟ್‌ಗಳಿಗೆಲ್ಲ ‘ಇರಲಿ’ ಎಂದು ಪ್ಯಾಕ್ಡ್ ಹಾಕುವ ರೂಢಿ ನನ್ನ ಮಟ್ಟಿಗೆ ಹೊಸ ದೋಷಗಳಿಗೆ ಆಹ್ವಾನ: ಕೆಲವು ಬೈಟ್ ಉಳಿಸಲು ಹೋಗಿ ಒಳಗಿನ ಲಾಕ್‌ಗಳನ್ನೂ ಅಟಾಮಿಕ್‌ಗಳನ್ನೂ ಸಾಲು ತಪ್ಪಿಸಿದಂತಾಗುತ್ತದೆ. ಹೊರಗಿನ ಸ್ಟ್ರಕ್ಟ್ ಯಾವಾಗಲೂ 4ರ ಗುಣಕದ ವಿಳಾಸದಲ್ಲೇ ಇರುತ್ತದೆಂದು ಖಚಿತವಾಗಿದ್ದರೆ ಪ್ಯಾಕ್ಡ್ ಜೊತೆಗೆ 4ರ ಅಲೈನ್ಡ್ ಗುಣವನ್ನೂ ಸೇರಿಸಿ ಕಂಪೈಲರ್‌ಗೆ ತಿಳಿಸಬಹುದು. ನಮ್ಮ 17 ಬೈಟ್‌ಗಳ ಫ್ರೇಮ್‌ಗೆ ಅದು ಸುಳ್ಳು ಹೇಳಿದಂತೆ.

ಪ್ಯಾಕ್ಡ್ ಸ್ಟ್ರಕ್ಟ್ ಇಟ್ಟುಕೊಳ್ಳುವುದಾದರೆ ಅದರ ಕೆಳಗೇ ‘ಸ್ಟ್ಯಾಟಿಕ್_ಅಸರ್ಟ್’ ಹಾಕಿ, ಗಾತ್ರ 17 ಎಂದೂ ತೂಕದ ಆಫ್‌ಸೆಟ್ 3 ಎಂದೂ ಬರೆದಿಡಿ. ಮುಂದೆ ಯಾರಾದರೂ ನಡುವೆ ಒಂದು ಸದಸ್ಯ ಸೇರಿಸಿದರೆ ದೋಷ ಬೋರ್ಡಿನಲ್ಲಿ ಏಳುವ ಬದಲು ಕಂಪೈಲ್ ಹಂತದಲ್ಲೇ ನಿಲ್ಲುತ್ತದೆ.

ನೆಟ್‌ವರ್ಕ್ ಡ್ರೈವರ್ ಬರೆಯುವವರಿಗೆ ಇದೇ ಸಮಸ್ಯೆಯ ಪ್ರಸಿದ್ಧ ರೂಪ ಗೊತ್ತಿರುತ್ತದೆ. ಈಥರ್‌ನೆಟ್ ತಲೆಬರಹ 14 ಬೈಟ್‌ಗಳಾದ್ದರಿಂದ ಅದರ ಹಿಂದಿನ ಐಪಿ ತಲೆಬರಹ 4ರ ಗುಣಕಕ್ಕೆ ಬೀಳುವುದಿಲ್ಲ. ಬಫರ್ ಆರಂಭದಲ್ಲಿ 2 ಬೈಟ್ ಬಿಟ್ಟರೆ ಅದು 16ಕ್ಕೆ ಬೀಳುತ್ತದೆ. ‘ನೆಟ್_ಐಪಿ_ಅಲೈನ್’ ಎಂಬ ಸ್ಥಿರಾಂಕ ಇರುವುದು ಇದಕ್ಕೇ. ಎಕ್ಸ್86 ಮತ್ತು ಆರ್ಮ್64ಗಳಲ್ಲಿ ಅದರ ಬೆಲೆ ಸೊನ್ನೆ, ಏಕೆಂದರೆ ಅಲ್ಲಿ ಅಲೈನ್ ಆಗದ ವಿಳಾಸಕ್ಕೆ ಡಿಎಂಎ ಮಾಡುವುದೇ ಹೆಚ್ಚು ದುಬಾರಿ.

ಹಂತ 5: ಸಾಧನದ ಮೆಮೊರಿಯನ್ನು ಬೇರೆಯಾಗಿಯೇ ನೋಡಿ

ಕ್ಯಾಲಿಬ್ರೇಷನ್ ಪಟ್ಟಿ ಕಾರ್ಡಿನೊಳಗಿದೆ. ಪ್ರತಿ ಲೋಡ್ ಸೆಲ್‌ಗೆ 2 ಬೈಟ್‌ಗಳ ಕ್ರಮಾಂಕ, 4 ಬೈಟ್‌ಗಳ ಗುಣಾಂಕ, ಒಟ್ಟು 6 ಬೈಟ್. ಐಓರಿಮ್ಯಾಪ್‌ನಿಂದ ಸಿಕ್ಕ ಈ ಮೆಮೊರಿಯನ್ನು ಆರ್ಮ್64 ‘ಡಿವೈಸ್’ ಬಗೆಯದೆಂದು ಪರಿಗಣಿಸುತ್ತದೆ, ಮತ್ತು ಆ ಬಗೆಯ ಮೆಮೊರಿಯಲ್ಲಿ ಸಾಲು ತಪ್ಪಿದ ಓದಿಗೆ ಕ್ಷಮೆಯಿಲ್ಲ. ಇಲ್ಲಿ ಸಾಮಾನ್ಯ ಮೆಮ್‌ಕಾಪಿಯೂ ಅಪಾಯಕಾರಿ, ಏಕೆಂದರೆ ವೇಗಕ್ಕಾಗಿ ಬರೆದ ಆ ಫಂಕ್ಷನ್ ತಾನೇ ಸಾಲು ತಪ್ಪಿದ ದೊಡ್ಡ ಓದುಗಳನ್ನು ಮಾಡುತ್ತದೆ. ‘ಗೆಟ್_ಅನ್‌ಅಲೈನ್ಡ್’ ಸಹಾಯಕಗಳೂ ಇಲ್ಲಿಗೆ ಹೊಂದುವುದಿಲ್ಲ. ಅವು ಸಾಮಾನ್ಯ ಮೆಮೊರಿಗಾಗಿ ಇರುವಂಥವು. ಐಓ ಮೆಮೊರಿಯ ಮೇಲೆ ಪ್ಯಾಕ್ಡ್ ಸ್ಟ್ರಕ್ಟ್ ಹೊದಿಸುವುದು ಎಲ್ಲಕ್ಕಿಂತ ಕೆಟ್ಟದ್ದು: ಕಂಪೈಲರ್ ಒಂದು 32 ಬಿಟ್ ರಿಜಿಸ್ಟರ್ ಓದನ್ನು ನಾಲ್ಕು ಬೈಟ್ ಓದುಗಳಾಗಿ ಒಡೆಯಬಹುದು. ಓದಿದೊಡನೆ ತಾನೇ ಖಾಲಿಯಾಗುವ ರಿಜಿಸ್ಟರ್ ಅದಾಗಿದ್ದರೆ ಡೇಟಾ ಕಳೆದುಹೋಗುತ್ತದೆ.

ಸರಿಯಾದ ಕ್ರಮ ಹೀಗಿದೆ. ಒಂಟಿ ರಿಜಿಸ್ಟರ್‌ಗಳನ್ನು ರೀಡ್‌ಎಲ್, ರೈಟ್‌ಎಲ್‌ಗಳಿಂದ, ಅಲೈನ್ ಆದ ಆಫ್‌ಸೆಟ್‌ಗಳಲ್ಲೇ ಮುಟ್ಟಿ. ಪಟ್ಟಿಯಂಥ ದೊಡ್ಡ ತುಂಡನ್ನು ‘ಮೆಮ್‌ಕಾಪಿ_ಫ್ರಮ್‌ಐಓ’ದಿಂದ ಸಾಮಾನ್ಯ ಬಫರ್‌ಗೆ ಪೂರ್ತಿಯಾಗಿ ತಂದುಕೊಂಡು, ಆ ಬಫರ್‌ನಿಂದ ಹಂತ 4ರಂತೆ ಗುಣಾಂಕಗಳನ್ನು ಬಿಡಿಸಿ. ಇಲ್ಲೂ ಕಾರ್ಡಿನ ದತ್ತಪತ್ರವನ್ನು (ಡೇಟಾಶೀಟ್) ಒಮ್ಮೆ ಓದಬೇಕು. ಆರ್ಮ್64ನ ‘ಮೆಮ್‌ಕಾಪಿ_ಫ್ರಮ್‌ಐಓ’ ಅಂಚುಗಳಲ್ಲಿ ಬೈಟ್ ಬೈಟಾಗಿಯೂ ನಡುವೆ 8 ಬೈಟ್‌ಗಳ ತುಂಡುಗಳಾಗಿಯೂ ಓದುತ್ತದೆ. ಕಾರ್ಡ್ 32 ಬಿಟ್ ಓದನ್ನು ಮಾತ್ರ ಒಪ್ಪುವುದಾದರೆ ನೀವೇ ಲೂಪ್ ಬರೆದು ರೀಡ್‌ಎಲ್‌ನಿಂದ ತರಬೇಕು.

ಹಂತ 6: ಡಿಎಂಎ ಬಫರ್‌ಗಳ ಗಡಿ ನೋಡಿ

ಇಲ್ಲಿ ಅಲೈನ್‌ಮೆಂಟ್ ಎಂದರೆ ಮೌಲ್ಯದ ಗಾತ್ರವಲ್ಲ, ಕ್ಯಾಷ್ ಲೈನಿನ ಗಾತ್ರ. ಪ್ರೊಸೆಸರ್ ಕ್ಯಾಷ್‌ಗೂ ಡಿಎಂಎಗೂ ಹಾರ್ಡ್‌ವೇರ್ ಮಟ್ಟದಲ್ಲಿ ಹೊಂದಾಣಿಕೆ ಇಲ್ಲದ ಬೋರ್ಡ್‌ಗಳಲ್ಲಿ, ಡ್ರೈವರ್‌ನ ಸ್ಟ್ರಕ್ಟಿನೊಳಗೇ ಫ್ರೇಮ್ ಬಫರನ್ನು ಇಟ್ಟು ಅದರ ಪಕ್ಕದಲ್ಲೇ ಒಂದು ಎಣಿಕೆಯನ್ನೋ ಲಾಕನ್ನೋ ಇಟ್ಟಿದ್ದೀರೆಂದುಕೊಳ್ಳಿ. ಎರಡೂ ಒಂದೇ ಕ್ಯಾಷ್ ಲೈನಿನಲ್ಲಿದ್ದರೆ, ಡಿಎಂಎ ಮುಗಿದು ಕ್ಯಾಷ್ ರದ್ದಾದಾಗ ಇನ್ನೂ ಮೆಮೊರಿಗೆ ಇಳಿಯದ ಎಣಿಕೆ ಅಳಿಸಿಹೋಗಬಹುದು. ಅಥವಾ ಎಣಿಕೆ ಬರೆಯಲೆಂದು ಕ್ಯಾಷ್ ಲೈನ್ ಮೆಮೊರಿಗೆ ಇಳಿದು, ಕಾರ್ಡ್ ಆಗಷ್ಟೇ ಬರೆದ ತೂಕದ ಮೇಲೆ ಹಳೆಯ ಬೈಟ್‌ಗಳನ್ನು ಹಚ್ಚಬಹುದು. ಟ್ರ್ಯಾಪ್ ಬರುವುದಿಲ್ಲ, ಊಪ್ಸ್ ಬರುವುದಿಲ್ಲ. ಒಂದು ತೂಕ ಮಾತ್ರ ತಪ್ಪಿರುತ್ತದೆ, ಮತ್ತು ಕಬ್ಬು ತಂದ ರೈತನ ಚೀಟಿಯಲ್ಲಿ ಅದೇ ಅಚ್ಚಾಗುತ್ತದೆ.

ಪರಿಹಾರ ಸರಳ: ಡಿಎಂಎ ಬಫರನ್ನು ಕರ್ನಲ್‌ನ ಮೆಮೊರಿ ಹಂಚುವ ಕರೆಯಾದ ಕೆಮ್ಯಾಲಕ್‌ನಿಂದ ಬೇರೆಯಾಗಿ ಪಡೆಯಿರಿ. ಸ್ಟ್ಯಾಕ್ ಮೇಲಿನ ಬಫರನ್ನು ಎಂದೂ ಡಿಎಂಎಗೆ ಕೊಡಬೇಡಿ. ಸ್ಟ್ರಕ್ಟಿನೊಳಗೆ ಇಡಲೇಬೇಕಾದರೆ ‘ಆರ್ಚ್_ಡಿಎಂಎ_ಮಿನ್‌ಅಲೈನ್’ಗೆ ಅಲೈನ್ ಮಾಡಿ, ಅದನ್ನು ಕೊನೆಯ ಸದಸ್ಯವಾಗಿಸಿ. ಆರಂಭವನ್ನು ಮಾತ್ರ ಅಲೈನ್ ಮಾಡಿ ಹಿಂದೆಯೇ ಇನ್ನೊಂದು ಸದಸ್ಯ ಇಟ್ಟರೆ ಕೊನೆಯ ಲೈನಿನಲ್ಲಿ ಅದೇ ಕಥೆ. ಕರ್ನಲ್ 6.5ರಿಂದ ಆರ್ಮ್64ನಲ್ಲಿ ಸಣ್ಣ ಕೆಮ್ಯಾಲಕ್ ಬಫರ್‌ಗಳ ಅಲೈನ್‌ಮೆಂಟ್ ಮೊದಲಿಗಿಂತ ಕಡಿಮೆಯಾಗಿದ್ದು, ಅಗತ್ಯ ಬಿದ್ದಾಗ ಡಿಎಂಎ ಪದರವೇ ಮಧ್ಯಂತರ ಬಫರ್ ಬಳಸುತ್ತದೆ. ಕೆಮ್ಯಾಲಕ್ ಯಾವಾಗಲೂ 128ರ ಗುಣಕವನ್ನೇ ಕೊಡುತ್ತದೆಂದು ನಂಬಿ ಬರೆದ ಹಳೆಯ ಕೋಡ್ ಕಂಡರೆ ಗುರುತು ಹಾಕಿಕೊಳ್ಳಿ.

ಕಾರ್ಡ್ ತಾನೇ ಬೇಡುವ ಅಲೈನ್‌ಮೆಂಟ್ ಇದರಿಂದ ಬೇರೆ ವಿಷಯ. ಡಿಸ್ಕ್ರಿಪ್ಟರ್‌ಗಳು (ಬಫರ್ ಎಲ್ಲಿದೆಯೆಂದು ಕಾರ್ಡ್‌ಗೆ ಹೇಳುವ ದಾಖಲೆಗಳು) 16ರ ಗುಣಕದಲ್ಲಿರಬೇಕೆಂದು ದತ್ತಪತ್ರ ಹೇಳಿದರೆ ‘ಡಿಎಂಎ_ಪೂಲ್_ಕ್ರಿಯೇಟ್’ಗೆ ಅದನ್ನೇ ನೇರವಾಗಿ ತಿಳಿಸಬಹುದು. ಡಿಎಂಎ ಎಪಿಐ ಡಿಬಗ್ ಆಯ್ಕೆಯನ್ನು ಅಭಿವೃದ್ಧಿ ಕರ್ನಲ್‌ನಲ್ಲಿ ಸದಾ ಆನ್ ಇಟ್ಟಿರಿ; ಒಂದೇ ಕ್ಯಾಷ್ ಲೈನಿನ ಮೇಲೆ ಎರಡು ಮ್ಯಾಪಿಂಗ್ ಬಿದ್ದರೆ ಅದು ಎಚ್ಚರಿಸುತ್ತದೆ.

ಹಂತ 7: ಅಟಾಮಿಕ್ ಮತ್ತು ಐಆಕ್ಟಲ್

ಸ್ಥಿತಿಯ ಬಿಟ್‌ಗಳನ್ನು ಯು32 ಸರಣಿಯಲ್ಲಿಟ್ಟು, ‘ಸೆಟ್_ಬಿಟ್’ಗಾಗಿ ಅನ್‌ಸೈನ್ಡ್ ಲಾಂಗ್ ಪಾಯಿಂಟರಾಗಿ ಕಾಸ್ಟ್ ಮಾಡುವುದು ತೀರಾ ಸಾಮಾನ್ಯವಾದ ತಪ್ಪು. 64 ಬಿಟ್ ಕರ್ನಲ್‌ನಲ್ಲಿ ಆ ಕ್ರಿಯೆಗೆ 8ರ ಗುಣಕ ಬೇಕು. ಹಲವು ಆರ್ಮ್64 ಚಿಪ್‌ಗಳಲ್ಲಿ ಸಾಮಾನ್ಯ ಮೆಮೊರಿಯಾದರೂ ಅಟಾಮಿಕ್ ಆದೇಶ ಅಲೈನ್ ಆಗದಿದ್ದರೆ ಊಪ್ಸ್ ಬರುತ್ತದೆ. ಎಕ್ಸ್86ಗೂ ಇಲ್ಲಿ ಪೂರ್ತಿ ವಿನಾಯಿತಿ ಇಲ್ಲ: ಮೌಲ್ಯ ಎರಡು ಕ್ಯಾಷ್ ಲೈನ್‌ಗಳ ಮೇಲೆ ಬಿದ್ದರೆ ಅದು ಸ್ಪ್ಲಿಟ್ ಲಾಕ್ ಆಗಿ ಇಡೀ ಯಂತ್ರವನ್ನು ನಿಧಾನಗೊಳಿಸುತ್ತದೆ, ಮತ್ತು 5.7ರಿಂದ ಕರ್ನಲ್ ಹೊಸ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅದನ್ನು ಪತ್ತೆಹಚ್ಚುತ್ತದೆ. ‘ಡಿಕ್ಲೇರ್_ಬಿಟ್‌ಮ್ಯಾಪ್’ ಬಳಸಿದರೆ ಈ ತೊಂದರೆಯೇ ಇಲ್ಲ.

ಯೂಸರ್ ಸ್ಪೇಸ್ ಪ್ರೋಗ್ರಾಮು ಡ್ರೈವರ್ ಜೊತೆ ಮಾತಾಡುವ ಐಆಕ್ಟಲ್ ಕರೆಯ ಸ್ಟ್ರಕ್ಟ್‌ಗಳಲ್ಲಿ 4 ಬೈಟ್‌ಗಳ ಸದಸ್ಯದ ಹಿಂದೆ 8 ಬೈಟ್‌ಗಳದ್ದು ಬಂದರೆ 32 ಬಿಟ್ ಎಕ್ಸ್86ನಲ್ಲಿ ಒಟ್ಟು ಗಾತ್ರ 12, 64 ಬಿಟ್‌ನಲ್ಲಿ 16. ನಡುವಿನ 4 ಬೈಟನ್ನು ಹೆಸರಿಟ್ಟು ನೀವೇ ಬರೆಯಿರಿ, ‘ಅಲೈನ್ಡ್_ಯು64’ ಬಗೆಯನ್ನು ಬಳಸಿ, ಮತ್ತು ಯೂಸರ್ ಸ್ಪೇಸಿಗೆ ನಕಲಿಸುವ ಮೊದಲು ಇಡೀ ಸ್ಟ್ರಕ್ಟನ್ನು ಸೊನ್ನೆ ಮಾಡಿ. ಪ್ಯಾಡಿಂಗ್‌ನಲ್ಲಿ ಉಳಿದ ಕರ್ನಲ್ ಸ್ಟ್ಯಾಕಿನ ಬೈಟ್‌ಗಳು ಸೋರುವುದು ಭದ್ರತೆಯ ದೋಷ.

ಹಂತ 8: ಪರೀಕ್ಷಿಸಿ, ಪ್ಯಾಚ್ ಕಳಿಸಿ

ಫ್ರೇಮ್ ಬಿಡಿಸುವ ಫಂಕ್ಷನ್ ಒಂದೇ ಆಗಿರುವುದರಿಂದ ಅದಕ್ಕೆ ಕೆಯುನಿಟ್ (ಕರ್ನಲ್‌ನ ಬಿಡಿ ಭಾಗಗಳನ್ನು ಪರೀಕ್ಷಿಸುವ ಚೌಕಟ್ಟು) ಪರೀಕ್ಷೆ ಬರೆಯುವುದು ಸುಲಭ. 18,250 ಕಿಲೋ ತೂಕವಿರುವ ಒಂದು ಫ್ರೇಮನ್ನು ದೊಡ್ಡ ಬಫರ್‌ನಲ್ಲಿ 0ಯಿಂದ 7ರವರೆಗಿನ ಪ್ರತಿ ಆಫ್‌ಸೆಟ್‌ನಲ್ಲೂ ಇಟ್ಟು ಬಿಡಿಸಿ, ಪ್ರತಿ ಸಲವೂ ಅದೇ ತೂಕ, ಅದೇ ಸಮಯ ಬರುತ್ತದೆಯೇ ನೋಡಿ. ಯುಬಿಎಸ್ಯಾನ್ ಆನ್ ಇರುವ ಕರ್ನಲ್‌ನಲ್ಲಿ ಇದು ಒಂದೂ ವರದಿಯಿಲ್ಲದೆ ಮುಗಿಯಬೇಕು. ಆಮೇಲೆ ನಿಜವಾದ ಬೋರ್ಡಿನಲ್ಲಿ, ನಿಜವಾದ ಕಾರ್ಡ್ ಫ್ರೇಮ್ ಕಳಿಸುತ್ತಿರುವಾಗ, ಅಲೈನ್‌ಮೆಂಟ್ ಕಡತದ ‘ಸಿಸ್ಟಮ್’ ಎಣಿಕೆ ಅಲುಗಾಡದೆ ನಿಂತಿರುವುದನ್ನು ಖಚಿತಪಡಿಸಿಕೊಳ್ಳಿ. ಕಬ್ಬು ಅರೆಯುವ ಹಂಗಾಮು ಶುರುವಾಗುವ ಮೊದಲೇ ಇದು ಮುಗಿದಿರಬೇಕು; ಸಾಲುಗಟ್ಟಿ ನಿಂತ ಟ್ರ್ಯಾಕ್ಟರ್‌ಗಳ ಮುಂದೆ ಮಾಡ್ಯೂಲ್ ಬದಲಿಸಲು ಯಾರೂ ಬಿಡುವುದಿಲ್ಲ.

ಪ್ಯಾಚ್ ವಿವರಣೆಯಲ್ಲಿ ಯಾವ ಆರ್ಕಿಟೆಕ್ಚರಿನಲ್ಲಿ, ಯಾವ ಲಕ್ಷಣದಿಂದ ದೋಷ ಕಂಡಿತು, ಪಾಯಿಂಟರ್ ಎಲ್ಲಿ ಸಾಲು ತಪ್ಪಿತು ಎಂಬುದನ್ನು ಬರೆಯಿರಿ. ದೋಷ ತಂದ ಕಮಿಟ್ ಗೊತ್ತಿದ್ದರೆ ‘ಫಿಕ್ಸಸ್’ ಸಾಲಿನಲ್ಲಿ ಅದರ ಹ್ಯಾಶ್‌ನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆ ಇರಲಿ. ಫ್ರೇಮ್ ಓದು, ಐಓ ಮೆಮೊರಿ, ಡಿಎಂಎ ಮೂರರ ತಿದ್ದುಪಡಿಗಳನ್ನೂ ಒಂದೇ ಪ್ಯಾಚಿನಲ್ಲಿ ತುರುಕದೆ ಬೇರೆ ಬೇರೆಯಾಗಿ ಕಳಿಸಿದರೆ ಪರಿಶೀಲಿಸುವವರಿಗೂ, ಹಳೆಯ ಶಾಖೆಗಳಿಗೆ ಇಳಿಸುವವರಿಗೂ ಅನುಕೂಲ. ಇಳಿಸುವಾಗ ಹೆಡರ್ ಹೆಸರನ್ನು ನೋಡಿಕೊಳ್ಳಿ: ‘ಗೆಟ್_ಅನ್‌ಅಲೈನ್ಡ್’ ಕುಟುಂಬದ ಹೆಡರ್ 2024ರ ನವೆಂಬರಿನಲ್ಲಿ ಬಿಡುಗಡೆಯಾದ 6.12ರಿಂದ ‘ಲಿನಕ್ಸ್/ಅನ್‌ಅಲೈನ್ಡ್’ ಆಗಿದೆ. ಅದಕ್ಕೂ ಮೊದಲು ಅದು ‘ಎಎಸ್ಎಂ/ಅನ್‌ಅಲೈನ್ಡ್’ ಆಗಿತ್ತು. ಕಾರ್ಖಾನೆಯ ಬೋರ್ಡ್‌ಗಳಲ್ಲಿ ಓಡುತ್ತಿರುವುದು ಬಹುತೇಕ ಹಳೆಯ ಶಾಖೆಯೇ ಆಗಿರುವುದರಿಂದ, ಇಳಿಸಿದ ಪ್ರತಿಯನ್ನು ಆ ಬೋರ್ಡಿನ ಕಂಪೈಲರ್‌ನಲ್ಲೇ ಒಮ್ಮೆ ಕಂಪೈಲ್ ಮಾಡಿ, ಕೆಯುನಿಟ್ ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸಿ, ಬಳಿಕ ಕಳಿಸಿ.